ಕುಕ್ಕರ್‌ಗೂ ಲೋಕಲ್‌ಗೂ ಒಂದು ಥ್ಯಾಂಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಠಾಣೆ, ಡೊಂಬಿವಲಿ ಕಡೆ ಇರುವ ನಾವು ಒಂದಷ್ಟು ಕನ್ನಡ ಮನೆಯವರು ಒಂದು ಅಭ್ಯಾಸ ಇಟ್ಟುಕೊಂಡಿದ್ದೇವೆ. ವಾರಕ್ಕೆ ಒಂದು ವಸ್ತು. ಮನೆಯಲ್ಲೋ ದಾರಿಯಲ್ಲೋ ದಿನಾ ಕೈಗೆ ಸಿಗುವಂಥದ್ದು. ಅದನ್ನು ಮೊದಲು ಮಾಡಿದವರು ಯಾರು, ಅದು ಹೇಗೆ ಕೆಲಸ ಮಾಡುತ್ತದೆ, ಈಗ ಅದನ್ನು ನಡೆಸಿಕೊಂಡು ಹೋಗುತ್ತಿರುವವರು ಯಾರು, ಇಷ್ಟನ್ನು ತಿಳಿದುಕೊಳ್ಳುವುದು. ಆಮೇಲೆ ಬಾಯಲ್ಲೋ ಮನಸ್ಸಿನಲ್ಲೋ ಒಂದು ಥ್ಯಾಂಕ್ಸ್. ಸೇರಬೇಕು ಅನ್ನುವವರು, ನಗುವವರು, ಜಗಳಕ್ಕೆ ಬರುವವರು ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ದುಡ್ಡು ಕೊಟ್ಟು ತಗೊಂಡಿದ್ದೇವಲ್ಲ, ಮತ್ತೆ ಥ್ಯಾಂಕ್ಸ್ ಯಾಕೆ?

ಕೊಟ್ಟ ದುಡ್ಡು ಅಂಗಡಿಗೆ, ಕಂಪನಿಗೆ, ತೆರಿಗೆಗೆ ಹೋಯಿತು. ತಲೆ ಓಡಿಸಿದವರಿಗೆ ಬಹಳ ಸಲ ಏನೂ ಸಿಕ್ಕಿರುವುದಿಲ್ಲ. ಅದಿರಲಿ, ನಮ್ಮ ಕಾರಣ ಇನ್ನೂ ಸಾದಾ. ಸರಿಯಾಗಿ ನಡೆಯುತ್ತಿರುವ ವಸ್ತು ಕಣ್ಣಿಗೇ ಬೀಳುವುದಿಲ್ಲ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಹತ್ತರ ಹೊತ್ತಿಗೆ ಮುಂಬೈಯ ಬಹುಪಾಲು ಕಡೆ ಕರೆಂಟ್ ಹೋಯಿತು. ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ಅವತ್ತು ಎಲ್ಲರ ಬಾಯಲ್ಲೂ ಕರೆಂಟಿನದೇ ಮಾತು. ಬಂದ ಮೇಲೆ ಮರೆತೇಬಿಟ್ಟೆವು. ಕೆಡುವ ಮುಂಚೆಯೇ ಒಮ್ಮೆ ನೋಡಿಬಿಡೋಣ ಅಂತ, ಅಷ್ಟೆ.

ಕರೆಂಟಿನ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಲೋನಾವಳಾ ಕಡೆ ಘಾಟಿನ ಮೇಲೆ ಕೆರೆ ಕಟ್ಟಿ, ಮಳೆ ನೀರನ್ನು ಕೊಳವೆಯಲ್ಲಿ ಕೆಳಗೆ ಖೋಪೋಲಿಗೆ ಬೀಳಿಸಿ, 1915ರಲ್ಲಿ ಟಾಟಾದವರು ಮುಂಬೈಯ ಗಿರಣಿಗಳಿಗೆ ವಿದ್ಯುತ್ ಕೊಟ್ಟರು. ಅದುವರೆಗೆ ಗಿರಣಿ ನಡೆಯುತ್ತಿದ್ದದ್ದು ಕಲ್ಲಿದ್ದಲಿನ ಹೊಗೆಯಲ್ಲಿ. ಅದಕ್ಕೂ ಮುಂಚೆ, 1902ರಲ್ಲೇ, ನಮ್ಮ ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋಗಿತ್ತು ಅಂತ ಮರಾಠಿ ಗೆಳೆಯರ ಹತ್ತಿರ ಸ್ವಲ್ಪ ಜಂಬ ಕೊಚ್ಚಿಕೊಳ್ಳಲು ಅಡ್ಡಿಯಿಲ್ಲ.

ವರ್ಷಕ್ಕೊಮ್ಮೆ ಆಯುಧ ಪೂಜೆ ಮಾಡ್ತೀವಲ್ಲ, ಸಾಲದಾ?

ಒಳ್ಳೆಯ ಪ್ರಶ್ನೆ. ಸ್ಕೂಟರ್ ತೊಳೆದು, ಮಿಕ್ಸಿಗೆ ಕುಂಕುಮ ಹಚ್ಚಿ, ಲ್ಯಾಪ್‌ಟಾಪ್ ಮೇಲೆ ಒಂದು ಚೆಂಡುಹೂವು ಇಡುವ ಜನ ನಾವು. ಇಲ್ಲಿ ದಸರೆ ಹೊತ್ತಿಗೆ ಲೋಕಲ್ ಡಬ್ಬಿಯೊಳಗೇ ತೋರಣ ಕಟ್ಟಿ, ಆರತಿ ಎತ್ತಿ, ಪೇಢೆ ಹಂಚುವ ಪ್ರಯಾಣಿಕರ ಗುಂಪುಗಳಿವೆ. ನೋಡದವರು ಒಮ್ಮೆ ನೋಡಬೇಕು. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಗಂಟೆ.

ಪೂಜೆ ವಸ್ತುವಿಗೆ ಸಲ್ಲುತ್ತದೆ. ಅದರ ಹಿಂದಿರುವ ಮನುಷ್ಯರ ಹೆಸರು ಅಲ್ಲಿ ಬರುವುದಿಲ್ಲ. ಆ ಹೆಸರು ಹುಡುಕುವ ಕೆಲಸವನ್ನು ನಾವು ಪೂಜೆಗೆ ಸೇರಿಸಿಕೊಂಡಿದ್ದೇವೆ ಅಂದುಕೊಳ್ಳಿ.

ದೇವರಿಗೆ ಕೈಮುಗಿದರೆ ಎಲ್ಲರಿಗೂ ಮುಗಿದ ಹಾಗಲ್ವಾ?

ಮುಗಿಯಿರಿ. ಆಮೇಲೆ ಲೈನ್‌ಮನ್‌ಗೂ ಒಂದು ಲೋಟ ನೀರು ಕೊಡಿ. ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಎಲ್ಲಿಂದ ಶುರು ಮಾಡೋದು?

ಅಡುಗೆಮನೆಯಿಂದ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಜಾಣತನ ಬೇರೆಲ್ಲೂ ಸಿಗುವುದಿಲ್ಲ. ಮುಂಬೈಯ ಅಡುಗೆಮನೆಯಂತೂ ಇಬ್ಬರು ನಿಂತರೆ ಮೂರನೆಯವರು ಹಾಲ್‌ಗೆ ಹೋಗಬೇಕು.

ಕುಕ್ಕರ್ ಎತ್ತಿಕೊಳ್ಳಿ. ನೀರು ಮಾಮೂಲಾಗಿ 100 ಡಿಗ್ರಿಗೆ ಕುದಿಯುತ್ತದೆ. ಆವಿಯನ್ನು ಒಳಗೇ ಕೂಡಿಹಾಕಿದರೆ ಒತ್ತಡ ಹೆಚ್ಚಾಗಿ ಸುಮಾರು 120 ಡಿಗ್ರಿವರೆಗೆ ಬಿಸಿಯಾಗುತ್ತದೆ, ಬೇಳೆ ಬೇಗ ಬೇಯುತ್ತದೆ. ಇದನ್ನು ಡೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲಿ ಲಂಡನ್ನಿನಲ್ಲಿ ಮಾಡಿ ತೋರಿಸಿದ. ಪಾತ್ರೆ ಸಿಡಿಯದಿರಲಿ ಅಂತ ಒತ್ತಡ ಜಾಸ್ತಿಯಾದಾಗ ತಾನೇ ಎದ್ದು ಆವಿ ಬಿಡುವ ಒಂದು ಕವಾಟವನ್ನೂ ಇಟ್ಟ. 1682ರಲ್ಲಿ ರಾಯಲ್ ಸೊಸೈಟಿಯ ದೊಡ್ಡ ಮನುಷ್ಯರಿಗೆ ಅದರಲ್ಲೇ ಬೇಯಿಸಿದ ಊಟ ಹಾಕಿದ್ದ. ಗಟ್ಟಿ ಮೂಳೆಯೂ ಮೆತ್ತಗಾಗಿದ್ದು ನೋಡಿ ಅವರೆಲ್ಲ ಬೆರಗಾದರಂತೆ. ಆತನ ಕೊನೆಗಾಲ ಮಾತ್ರ ಬಡತನದಲ್ಲಿ ಕಳೆಯಿತು. ಈಗ ನಿಮ್ಮ ಕುಕ್ಕರಿನ ಮುಚ್ಚಳ ತಿರುಗಿಸಿ ನೋಡಿ. ವಿಷಲ್ ಕೂರುವ ಕೊಳವೆ ಒಂದು ಕಡೆ. ಇನ್ನೊಂದು ಕಡೆ ಸಣ್ಣ ಸೇಫ್ಟಿ ವಾಲ್ವ್. ವಿಷಲ್ ಕೊಳವೆಗೆ ಅನ್ನದ ಅಗುಳು ಸಿಕ್ಕಿಕೊಂಡರೆ ನಿಮ್ಮನ್ನು ಕಾಯುವುದು ಆ ಎರಡನೆಯದು. ಅದು ಸವೆದಿದ್ದರೆ ಇವತ್ತೇ ಬದಲಾಯಿಸಿ. ಪಾಪಿನ್‌ಗೆ ಇದಕ್ಕಿಂತ ಒಳ್ಳೆಯ ಥ್ಯಾಂಕ್ಸ್ ನನಗೆ ಗೊತ್ತಿಲ್ಲ.

ಇನ್ನು ಗ್ಯಾಸ್. ಸಿಲಿಂಡರಿನ ಗ್ಯಾಸಿಗೂ ಪೈಪಿನ ಗ್ಯಾಸಿಗೂ ತಮ್ಮದೇ ಅಂತ ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಕೊಳೆತ ಎಲೆಕೋಸಿನಂಥ ಆ ನಾತ ಬೇಕಂತಲೇ ಸೇರಿಸಿದ್ದು. ಸೋರಿದ್ದು ಮೂಗಿಗೆ ಗೊತ್ತಾಗಲಿ ಅಂತ. 1937ರಲ್ಲಿ ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ಗ್ಯಾಸ್ ಸೋರಿ, ಸ್ಫೋಟವಾಗಿ, ಮುನ್ನೂರರ ಹತ್ತಿರ ಜನ ಸತ್ತರು. ಹೆಚ್ಚಿನವರು ಮಕ್ಕಳು. ಆ ದುರಂತದ ಬೆನ್ನಿಗೇ ಗ್ಯಾಸಿಗೆ ವಾಸನೆ ಸೇರಿಸುವುದು ಅಲ್ಲಿ ಕಡ್ಡಾಯವಾಯಿತು. ನಮ್ಮ ಮೂಗಿಗೆ ಬರುವ ಆ ನಾತದ ಹಿಂದೆ ಅಷ್ಟು ಮಕ್ಕಳಿದ್ದಾರೆ. ಇದನ್ನು ಓದಿದ ಮೇಲೆ ನನಗೆ ಆ ವಾಸನೆಯ ಮೇಲೆ ಸಿಟ್ಟು ಬರುವುದಿಲ್ಲ. ಅಂದಹಾಗೆ, ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಕೂರುತ್ತದೆ. ಪೈಪ್ ಗ್ಯಾಸ್ ಹಗುರ, ಮೇಲೇರುತ್ತದೆ. ಯಾವುದೇ ಆಗಲಿ, ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆಗೆಯಿರಿ.

ಮಿಕ್ಸಿಯ ಕಥೆ ನಮ್ಮದೇ. ವಿದೇಶಿ ಮಿಕ್ಸರ್‌ಗಳು ಹಣ್ಣಿನ ರಸಕ್ಕೆ ಸರಿ, ಒಣ ಮೆಣಸು, ಕೊತ್ತಂಬರಿ, ಕಾಯಿ ಹಾಕಿದರೆ ಮೋಟರ್ ಸುಟ್ಟುಹೋಗುತ್ತಿತ್ತು. 1960ರ ದಶಕದಲ್ಲಿ ಸತ್ಯಪ್ರಕಾಶ್ ಮಾಥುರ್ ಎಂಬ ಎಂಜಿನಿಯರ್ ನಮ್ಮ ಮಸಾಲೆಗೆ ಬಗ್ಗದ ಮೋಟರ್ ಇಟ್ಟು ಸುಮೀತ್ ಮಿಕ್ಸಿ ತಂದರು. ಅವರ ಮನೆಯ ವಿದೇಶಿ ಮಿಕ್ಸರ್ ಕೆಟ್ಟಿದ್ದೇ ಇದಕ್ಕೆಲ್ಲ ಕಾರಣವಂತೆ.

ಮಿಕ್ಸಿ ಬಂದು ಹೆಂಗಸರ ಕೆಲಸ ಕಡಿಮೆಯಾಯಿತು ಅಂತೀರಿ. ನಿಜವಾಗಲೂ ಆಯಿತಾ?

ಇದನ್ನು ಕೇಳಿದ್ದು ಮುಲುಂಡಿನ ಒಬ್ಬ ಅಕ್ಕ. ರುಬ್ಬುವ ಕಲ್ಲಿನ ಮುಂದೆ ಕೂತವರಿಗೆ ಗೊತ್ತು, ಭುಜದ ನೋವು ಖಂಡಿತ ಕಡಿಮೆಯಾಯಿತು. ಆದರೆ ರುಬ್ಬುವುದು ಸುಲಭವಾದ ಕೂಡಲೇ ದಿನಾ ಒಂದೊಂದು ಚಟ್ನಿ ಬೇಕು ಅನ್ನುವ ಬಾಯಿಗಳೂ ಹುಟ್ಟಿಕೊಂಡವು. ಯಂತ್ರ ಉಳಿಸಿದ ಸಮಯ ಯಾರ ಪಾಲಾಯಿತು ಅಂತ ಕೇಳುವುದೂ ಈ ಅಭ್ಯಾಸದ ಭಾಗವೇ. ಮಿಕ್ಸಿಗೆ ಥ್ಯಾಂಕ್ಸ್ ಹೇಳುವ ಗಂಡಸರು ಅದನ್ನು ತೊಳೆದೂ ಇಡಬಹುದು.

ಲೋಕಲ್‌ನಲ್ಲಿ ನೇತಾಡಿಕೊಂಡು ಹೋಗುವವರು ಯಾರಿಗೆ ಥ್ಯಾಂಕ್ಸ್ ಹೇಳಬೇಕು ಸ್ವಾಮಿ?

ಹೆಚ್ಚು ಜನ ಕೇಳುವುದು ಇದನ್ನೇ, ಅದೂ ಸಿಟ್ಟಿನಲ್ಲಿ. ಸಿಟ್ಟು ನ್ಯಾಯವೇ. ಮುಂಬೈಯ ಲೋಕಲ್ ಹಳಿಗಳ ಮೇಲೆ ಪ್ರತಿ ವರ್ಷ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಬಿದ್ದು, ಹಳಿ ದಾಟುವಾಗ ಸಿಕ್ಕಿ. ಇದನ್ನು ಬದಿಗಿಟ್ಟು 'ಆಹಾ ರೈಲು' ಅನ್ನುವುದು ನಮ್ಮಿಂದಾಗದು.

ಆದರೂ ಲೆಕ್ಕದ ಇನ್ನೊಂದು ಬದಿ ನೋಡಿ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟಿತು. 34 ಕಿಲೋಮೀಟರ್, 14 ಡಬ್ಬಿ, ಎಳೆಯಲು ಮೂರು ಎಂಜಿನ್. 1925ರ ಫೆಬ್ರವರಿ 3ರಂದು ಕುರ್ಲಾವರೆಗೆ ಕರೆಂಟಿನ ರೈಲು ಬಂತು, 1,500 ವೋಲ್ಟಿನ ಡಿಸಿ ತಂತಿಯಲ್ಲಿ. ಆ ವ್ಯವಸ್ಥೆಯನ್ನು 25,000 ವೋಲ್ಟಿನ ಎಸಿಗೆ ಬದಲಾಯಿಸಿದ್ದು ತೀರಾ ಈಚೆಗೆ. ಅದೂ ಒಂದು ದಿನವೂ ಲೋಕಲ್ ಪೂರ್ತಿ ಬಂದ್ ಮಾಡದೆ, ರಾತ್ರಿ ಎರಡು ಮೂರು ಗಂಟೆಯ ಬಿಡುವಿನಲ್ಲಿ, ಹಳಿ ಕೆಲಸಕ್ಕೆಂದು ಕೆಲವು ಗಂಟೆ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್‌ಗಳಲ್ಲಿ, ತುಂಡು ತುಂಡಾಗಿ. ನಾವು 'ಥೂ, ಇವತ್ತೂ ಮೆಗಾಬ್ಲಾಕಾ' ಅಂತ ಬೈಯುತ್ತಿದ್ದ ಹೊತ್ತಿನಲ್ಲಿ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡ ಗ್ಯಾಂಗ್‌ಮನ್‌ಗಳು ಬಿಸಿಲಲ್ಲಿ ಹಳಿಯ ಕೆಳಗಿನ ಜಲ್ಲಿ ಸರಿಮಾಡುತ್ತಿದ್ದರು.

ಹಾಗಾಗಿ ಎರಡನ್ನೂ ಮಾಡಿ. ಬಾಗಿಲು ಮುಚ್ಚುವ ಲೋಕಲ್ 2017ರ ಕ್ರಿಸ್ಮಸ್ ದಿನ ಓಡಲು ಶುರುವಾಯಿತು. ಅಂಥವು ಎಲ್ಲರ ಕೈಗೆಟುಕುವ ದರದಲ್ಲಿ ಇನ್ನಷ್ಟು ಬರಲಿ ಅಂತ ಜಗಳ ಆಡಿ. ಥ್ಯಾಂಕ್ಸ್ ಹೇಳಿದ ಮಾತ್ರಕ್ಕೆ ಬಾಯಿ ಕಟ್ಟಿಕೊಳ್ಳಬೇಕು ಅಂತ ಯಾರೂ ಹೇಳಿಲ್ಲ. ನನ್ನ ಅನುಭವದಲ್ಲಿ, ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ತಿಳಿದವರ ದೂರಿಗೆ ಹೆಚ್ಚು ತೂಕ.

ಅದೆಲ್ಲ ಬ್ರಿಟಿಷರು ತಮ್ಮ ಲಾಭಕ್ಕೆ ಕಟ್ಟಿದ್ದು. ನಾವ್ಯಾಕೆ ಋಣಿಯಾಗಬೇಕು?

ಲಾಭಕ್ಕೇ ಕಟ್ಟಿದ್ದು, ಹತ್ತಿ ಬಂದರಿಗೆ ಬರಲಿ ಅಂತ. ಹಾಗಾದರೆ ಕಟ್ಟಿದ ಕೈ ಯಾರದು? ಪುಣೆಗೆ ಹೋಗುವಾಗ ಕರ್ಜತ್ ದಾಟಿದ ಮೇಲೆ ರೈಲು ಸುರಂಗಗಳಲ್ಲಿ ನುಗ್ಗಿ ಏರುತ್ತದಲ್ಲ, ಆ ಭೋರ್ ಘಾಟ್ ದಾರಿ 1863ರಲ್ಲಿ ಪೂರ್ತಿಯಾಯಿತು. ಒಂದು ಹಂತದಲ್ಲಿ 40,000ಕ್ಕೂ ಹೆಚ್ಚು ಕೂಲಿಗಳು ಅಲ್ಲಿ ಕಲ್ಲು ಒಡೆಯುತ್ತಿದ್ದರು. ಕಾಲರಾ ಮತ್ತಿತರ ರೋಗಗಳಿಗೆ ಸತ್ತವರು ಸಾವಿರಾರು. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ ಕೂಡ ಬಂದ ಸ್ವಲ್ಪ ದಿನಕ್ಕೇ ತೀರಿಕೊಂಡ. ಅವನ ಹೆಂಡತಿ ಆಲಿಸ್ ಗುತ್ತಿಗೆ ವಹಿಸಿಕೊಂಡು ಕೆಲಸ ಮುಂದುವರಿಸಿದಳು. ಆಕೆಯ ಹೆಸರಾದರೂ ಉಳಿದಿದೆ. ಕಲ್ಲು ಒಡೆದವರದು ಒಂದೂ ಇಲ್ಲ. ನಮ್ಮ ಥ್ಯಾಂಕ್ಸ್ ಕಂಪನಿಗಲ್ಲ, ಅವರಿಗೆ.

ನಲ್ಲಿ ನೀರಿನಲ್ಲಿ ಅಂಥದ್ದೇನಿದೆ?

ಮುಂಬೈಯ ಸುತ್ತ ಸಮುದ್ರ, ಕುಡಿಯಲು ಹನಿ ನೀರಿಲ್ಲ. ಮೊದಲು ಬಾವಿ, ಕೆರೆಗಳೇ ಗತಿ. ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್ ಅನ್ನುವ ಹೆಸರುಗಳಲ್ಲಿ ಆ ಕೆರೆಗಳು ಇನ್ನೂ ಇವೆ, ನೀರು ಮಾತ್ರ ಇಲ್ಲ. ಹೆನ್ರಿ ಕಾನಿಬೇರ್ ಎಂಬ ಎಂಜಿನಿಯರ್ ಯೋಜನೆ ಮಾಡಿ, 1860ರ ಹೊತ್ತಿಗೆ ವಿಹಾರ್ ಕೆರೆಯಿಂದ ಕೊಳವೆಯಲ್ಲಿ ನೀರು ಊರಿಗೆ ಬಂತು. ಆಮೇಲೆ ತುಳಸಿ, 1892ರಲ್ಲಿ ತಾನಸಾ, ಹೀಗೆ ಇವತ್ತಿಗೆ ಏಳು ಜಲಾಶಯ. ಅರ್ಧದಷ್ಟು ನೀರು ನೂರು ಕಿಲೋಮೀಟರ್ ಆಚೆಯ ಭಾತ್ಸಾದಿಂದಲೇ ಬರುತ್ತದೆ.

ನಿಮ್ಮ ಏರಿಯಾಕ್ಕೆ ಬೆಳಿಗ್ಗೆ ಐದಕ್ಕೆ ನೀರು ಬರುತ್ತದೆ ಅಂದರೆ ಯಾರೋ ಒಬ್ಬರು ಅದಕ್ಕೂ ಮುಂಚೆ ಎದ್ದು ರಸ್ತೆಯ ಮುಚ್ಚಳ ತೆಗೆದು, ಆಳುದ್ದದ ಕಬ್ಬಿಣದ ಚಾವಿ ಇಳಿಸಿ, ವಾಲ್ವ್ ತಿರುಗಿಸಿದ್ದಾರೆ. ಇಲ್ಲಿ ಅವರನ್ನು ಚಾವಿವಾಲಾ ಅಂತಾರೆ. ಈ ಕಡೆ ಎಷ್ಟು ಸುತ್ತು, ಆ ಕಡೆ ಎಷ್ಟು ಸುತ್ತು ಅನ್ನುವ ಲೆಕ್ಕ ಅವರ ಕೈಗೆ ಗೊತ್ತು. ನಮ್ಮ ಬೀದಿಯ ಚಾವಿವಾಲಾರನ್ನು ಮಾತಾಡಿಸಿದಾಗ ಅವರು ಮೊದಲು ಹೇಳಿದ್ದು, 'ಕಾಯ್ ಝಾಲಂ, ಪಾಣಿ ನಾಹಿ ಆಲಂ ಕಾ?' ಏನಾಯಿತು, ನೀರು ಬಂದಿಲ್ವಾ ಅಂತ. ನೀರು ಬಂದಿಲ್ಲ ಅಂತ ಬೈಯಲು ಮಾತ್ರ ಜನ ಅವರನ್ನು ಕರೆಯುತ್ತಾರೆ. ಬಂದಿದೆ ಅಂತ ಹೇಳಲು ಬಂದೆವು ಅಂದರೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಒಂದು ಕಹಿ ಮಾತೂ ಹೇಳಬೇಕು. ತಾನಸಾ, ಭಾತ್ಸಾ ಇರುವ ಶಹಾಪುರ ತಾಲೂಕಿನ ಹಲವು ಹಳ್ಳಿಗಳಿಗೆ ಬೇಸಿಗೆಯಲ್ಲಿ ಟ್ಯಾಂಕರೇ ಗತಿ. ನೀರು ಅವರ ಕಣ್ಣೆದುರೇ ಕೊಳವೆಯಲ್ಲಿ ನಮ್ಮ ಕಡೆ ಹರಿದು ಬರುತ್ತದೆ. ಇದು ಗೊತ್ತಿದ್ದರೆ ಬ್ರಶ್ ಮಾಡುವಾಗ ನಲ್ಲಿ ತಾನಾಗಿಯೇ ನಿಲ್ಲುತ್ತದೆ.

ನಮ್ಮ ಅಜ್ಜ 'ಹಿಂದಿನ ಕಾಲವೇ ಚೆನ್ನಾಗಿತ್ತು' ಅಂತಾರೆ. ಏನು ಹೇಳಲಿ?

ವಾದ ಬೇಡ. ಅವರು ಹಲ್ಲು ಕೀಳಿಸಿಕೊಂಡ ಕಥೆ ಕೇಳಿ, ಸಾಕು. ಇಲ್ಲದಿದ್ದರೆ ಪ್ಲೇಗಿನ ಕಥೆ ಹೇಳಿ. 1896ರಲ್ಲಿ ಮುಂಬೈಯ ಮಾಂಡ್ವಿ ಕಡೆ ಪ್ಲೇಗ್ ಕಾಣಿಸಿಕೊಂಡಾಗ ಅದನ್ನು ಗುರುತು ಹಿಡಿದವರು ಗೋವಾ ಮೂಲದ ಡಾಕ್ಟರ್ ಅಕಾಸಿಯೊ ವಿಯೇಗಸ್. ಜನ ಊರು ಬಿಟ್ಟು ಓಡಿದರು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಇಲ್ಲಿಗೆ ಬಂದು, ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಚಿಕ್ಕ ಜಾಗದಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲ ಸೂಜಿ ತನಗೇ ಚುಚ್ಚಿಸಿಕೊಂಡರು. ಪರೇಲ್‌ನಲ್ಲಿ ಅವರ ಹೆಸರಿನ ಸಂಸ್ಥೆ ಈಗಲೂ ಇದೆ. ಅದರ ಮುಂದೆ ದಿನಾ ಬಸ್ಸಿನಲ್ಲಿ ಹೋಗುವವರಿಗೂ ಈ ವಿಷಯ ಗೊತ್ತಿರುವುದಿಲ್ಲ.

ಯಂತ್ರ ಮಾತ್ರ ಲೆಕ್ಕಕ್ಕಾ?

ಅಲ್ಲ. 1992ರಲ್ಲಿ ಚರ್ಚ್‌ಗೇಟಿನಿಂದ ಬೊರಿವಲಿಗೆ ಶುರುವಾದ, ಹೆಂಗಸರಿಗೆಂದೇ ಇರುವ ಲೇಡೀಸ್ ಸ್ಪೆಷಲ್ ಲೋಕಲ್‌ನಲ್ಲಿ ಹೊಸ ಯಂತ್ರ ಒಂದೂ ಇರಲಿಲ್ಲ, ಇದ್ದದ್ದು ಹೊಸ ಯೋಚನೆ. ಊಟದ ಡಬ್ಬಿ ತಲುಪಿಸುವ ಡಬ್ಬಾವಾಲಾಗಳು ಮುಚ್ಚಳದ ಮೇಲೆ ಹಾಕುವ ಗುರುತುಗಳೂ ಹಾಗೆಯೇ. ನಮ್ಮವರ ಪಟ್ಟಿಯಲ್ಲಿ ನಾನು ಮೊದಲು ಇಡುವುದು ಕನ್ನಡ ರಾತ್ರಿ ಶಾಲೆಗಳನ್ನು. ಊರಿಂದ ಬಂದು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಫೋರ್ಟ್ ಕಡೆಯ ಶಾಲೆಗಳಲ್ಲಿ ಕೂತು ಮೆಟ್ರಿಕ್ ಮುಗಿಸಿದರು. ಬ್ಯಾಂಕು, ಕಚೇರಿ ಸೇರಿದರು, ತಮ್ಮದೇ ಹೋಟೆಲ್ ತೆರೆದರು. ಅಂಥ ಒಬ್ಬರಾದರೂ ನಿಮ್ಮ ನೆಂಟರಲ್ಲಿ ಇದ್ದೇ ಇರುತ್ತಾರೆ. ಹೋಗಿ ಮಾತಾಡಿಸಿ.

ಊರಿನ ರೈಲು ಈ ಪಟ್ಟಿಯಲ್ಲಿ ಇದೆಯಾ?

ಕರಾವಳಿಯವರು ಬಿಡ್ತಾರಾ! 1998ಕ್ಕೂ ಮುಂಚೆ ಮಂಗಳೂರಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಘಾಟಿ ಹತ್ತಿಳಿದು ಮೈಯೆಲ್ಲ ನುಗ್ಗಾಗುವುದು, ಇಲ್ಲವೇ ರೈಲಿನಲ್ಲಿ ದೇಶ ಸುತ್ತಿ ಹೋಗುವುದು. ಎಂಜಿನಿಯರ್ ಇ. ಶ್ರೀಧರನ್ ನೇತೃತ್ವದಲ್ಲಿ ಕೊಂಕಣ ರೈಲು ಬಂತು. 90ಕ್ಕೂ ಹೆಚ್ಚು ಸುರಂಗ, ಸುಮಾರು 2,000 ಸೇತುವೆ. ಈ ಯೋಜನೆಗೆ ಬೆನ್ನಾಗಿ ನಿಂತ ಜಾರ್ಜ್ ಫೆರ್ನಾಂಡಿಸ್ ಮಂಗಳೂರಿನವರೇ. ಗೋವಾದ ಪೆರ್ಣೆ ಬಳಿ ಮಣ್ಣು ಮೆತ್ತಗಿದ್ದು ಸುರಂಗ ಮತ್ತೆ ಮತ್ತೆ ಕುಸಿಯುತ್ತಿತ್ತು. ಕೆಲಸಗಾರರು ಪ್ರಾಣ ಕಳೆದುಕೊಂಡಿದ್ದಾರೆ. ಈಗಲೂ ಮಳೆಗಾಲದಲ್ಲಿ ರೈಲು ನಿಧಾನ ಓಡುತ್ತದೆ, ಹಳಿಯುದ್ದಕ್ಕೂ ಗಸ್ತಿನವರು ಟಾರ್ಚ್ ಹಿಡಿದು ನಡೆಯುತ್ತಾರೆ. ಮಂಗಳೂರಿನ ಮತ್ಸ್ಯಗಂಧ ರೈಲಿನಲ್ಲಿ ರಾತ್ರಿ ಎಚ್ಚರವಾದರೆ ಕಿಟಕಿಯಾಚೆ ಆ ಬೆಳಕು ಕಾಣಬಹುದು.

ಒಳ್ಳೆಯದಕ್ಕೆ ಥ್ಯಾಂಕ್ಸ್ ಸರಿ. ಹಾಳು ಮಾಡಿದ್ದಕ್ಕೆ?

ಪುಣೆಯ ಉದಾಹರಣೆ ಸಾಕು. ನಮ್ಮ ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. ಮುಂಬೈ ಸರ್ಕಾರದ ಕೆಲಸದಲ್ಲಿದ್ದಾಗ, 1903ರಲ್ಲಿ, ಖಡಕ್‌ವಾಸ್ಲಾ ಅಣೆಕಟ್ಟಿಗೆ ತಾವೇ ಯೋಚಿಸಿದ ಸ್ವಯಂಚಾಲಿತ ಗೇಟುಗಳನ್ನು ಹಾಕಿಸಿದರು. ಕಟ್ಟೆ ಎತ್ತರಿಸದೆ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ಪ್ರವಾಹ ಬಂದರೆ ಗೇಟು ತಾನೇ ತೆರೆಯುತ್ತಿತ್ತು, ಇಳಿದರೆ ತಾನೇ ಮುಚ್ಚುತ್ತಿತ್ತು. ಇದು ಹೆಮ್ಮೆ.

ಅದೇ ಖಡಕ್‌ವಾಸ್ಲಾದ ಮೇಲ್ಗಡೆ ಪಾನ್‌ಶೇತ್ ಅಣೆಕಟ್ಟು ಇನ್ನೂ ಕೆಲಸ ಮುಗಿಯುವ ಮುಂಚೆಯೇ 1961ರ ಜುಲೈ 12ರಂದು ಒಡೆಯಿತು. ಆ ನೀರಿನ ಹೊಡೆತಕ್ಕೆ ಖಡಕ್‌ವಾಸ್ಲಾವೂ ನಿಲ್ಲಲಿಲ್ಲ. ಪುಣೆಯ ಹಳೆಯ ಪೇಠೆಗಳು ಮುಳುಗಿದವು. ಹಳಬರು ಈಗಲೂ ಗೋಡೆಯ ಮೇಲೆ ಕೈಯಿಟ್ಟು 'ಇಲ್ಲಿಯವರೆಗೆ ನೀರು' ಅಂತ ತೋರಿಸುತ್ತಾರೆ. ಅಣೆಕಟ್ಟು ಕಟ್ಟುವ ವಿದ್ಯೆ ಒಂದೇ, ಅವಸರ ಮಾಡಿದಾಗ ಹೀಗಾಯಿತು. ವಸ್ತುವಿನ ಕಥೆ ಕೇಳುವಾಗ ನಾವು ಎರಡನ್ನೂ ಕೇಳುತ್ತೇವೆ.

ಡೈರಿ ಬರೀಬೇಕಾ? ಎಷ್ಟು ಹೊತ್ತು ಬೇಕು?

ಬರೆಯುವವರು ಬರೆಯಲಿ. 2003ರಲ್ಲಿ ಎಮ್ಮನ್ಸ್ ಮತ್ತು ಮೆಕಲ್ಲೊ ಎಂಬ ಅಮೆರಿಕದ ಮನೋವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಕೃತಜ್ಞತೆಗೆ ಕಾರಣವಾದ ಸಂಗತಿಗಳನ್ನು ವಾರಕ್ಕೊಮ್ಮೆ ಬರೆದವರು, ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ತೋರಿದರು. ನನಗೆ ಡೈರಿ ಆಗಿಬರುವುದಿಲ್ಲ, ಹೊಸ ವರ್ಷದ ಮೊದಲ ವಾರಕ್ಕೇ ನಿಲ್ಲುತ್ತದೆ. ದಾದರ್‌ನಿಂದ ಠಾಣೆಗೆ ಹೋಗುವಷ್ಟು ಹೊತ್ತು ಸಾಕು.

ಮೊಬೈಲಿನಲ್ಲಿ ಕನ್ನಡ ಬರುತ್ತದೆ. ಅದರಲ್ಲೇನು ವಿಶೇಷ?

ಕೀಲಿಗಳು ಇಪ್ಪತ್ತಾರು, ನಮ್ಮ ಒತ್ತಕ್ಷರ ಗುಣಿತ ಎಲ್ಲ ಸೇರಿಸಿದರೆ ಲೆಕ್ಕಕ್ಕೇ ಸಿಗುವುದಿಲ್ಲ. ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಇದಕ್ಕೊಂದು ದಾರಿ ಮಾಡಿದರು. ಮುಂಬೈಯಲ್ಲಿ ಟಿಐಎಫ್ಆರ್ ಎಂಬ ಸಂಶೋಧನಾ ಸಂಸ್ಥೆ, ಟಾಟಾ ಪ್ರೆಸ್ ಕಡೆ ಕೆಲಸ ಮಾಡಿದವರು. ಉಚ್ಚಾರಣೆಯ ಕ್ರಮದಲ್ಲಿ ಒತ್ತುತ್ತಾ ಹೋಗಿ, ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್ ಕೀಲಿ ಒತ್ತಿದರೆ ಸಾಕು, ಜೋಡಿಸುವುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಕರ್ನಾಟಕ ಸರ್ಕಾರದ ನುಡಿ ಕೀಲಿಮಣೆಗೆ ಇದೇ ಆಧಾರ. ಈ ಪುಟ ಟೈಪ್ ಮಾಡಿದ್ದೂ ಅದರಲ್ಲೇ.

ಮಕ್ಕಳಿಗೆ ಬೋರಾಗಲ್ವಾ?

ಭಾಷಣ ಮಾಡಿದರೆ ಆಗುತ್ತದೆ. ಹಳೆಯ ಕೈಗಡಿಯಾರ, ಕೆಟ್ಟ ಇಸ್ತ್ರಿಪೆಟ್ಟಿಗೆ ಬಿಚ್ಚಲು ಕೊಡಿ, ಪ್ಲಗ್ ಮಾತ್ರ ಮೊದಲೇ ಕತ್ತರಿಸಿಡಿ. ವರ್ಳಿಯ ನೆಹರೂ ಸೈನ್ಸ್ ಸೆಂಟರ್‌ಗೆ ಕರೆದುಕೊಂಡು ಹೋಗಿ. ಅನೀಕ್ ಡಿಪೋದಲ್ಲಿ ಮುಂಬೈಯ ಬಸ್ ನಡೆಸುವ ಬೆಸ್ಟ್ ಸಂಸ್ಥೆಯ ಮ್ಯೂಸಿಯಂ ಇದೆ, ಹಳೆಯ ಟ್ರಾಮ್, ಟಿಕೆಟ್‌ಗಳ ಕಥೆ ಅಲ್ಲಿ ಸಿಗುತ್ತದೆ.

ಮುಂದಿನ ವಾರದ ವಸ್ತು ಯಾವುದು? ನಾವೂ ಬರಬಹುದಾ?

ಲಿಫ್ಟ್. 1854ರಲ್ಲಿ ನ್ಯೂಯಾರ್ಕಿನ ಒಂದು ಪ್ರದರ್ಶನದಲ್ಲಿ ಎಲಿಷಾ ಓಟಿಸ್ ಎತ್ತರದಲ್ಲಿ ಲಿಫ್ಟಿನ ಹಲಗೆಯ ಮೇಲೆ ನಿಂತು, ಎಲ್ಲರೆದುರು ಅದರ ಹಗ್ಗ ಕತ್ತರಿಸಲು ಹೇಳಿದ. ಲಿಫ್ಟ್ ಬೀಳಲಿಲ್ಲ, ಬ್ರೇಕ್ ಹಿಡಿಯಿತು. ನಮ್ಮ ಬಿಲ್ಡಿಂಗಿಗೆ ಸರ್ವಿಸ್‌ಗೆ ಬರುವ ಹುಡುಗ ಮೇಲಿನ ಮೆಷಿನ್ ರೂಮ್ ತೋರಿಸಲು ಒಪ್ಪಿದ್ದಾನೆ. ಜಾಗ ಚಿಕ್ಕದು, ನಾಲ್ಕೇ ಜನ ಹಿಡಿಸುತ್ತಾರೆ, ಮೊದಲೇ ತಿಳಿಸಿ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬನ್ನಿ. ಸೆರಗು, ದುಪಟ್ಟಾ ಸಿಕ್ಕಿಸಿಕೊಳ್ಳಿ. ಚಹಾ ನಮ್ಮ ಮನೆಯಲ್ಲಿ, ಅವನಿಗೂ ಸೇರಿಸಿ.